ಅಮ್ಮನ ಗಾಜಿನ ಸಿರಿಂಜು

ಹ್ಯೂಸ್ಟನ್
ಜನವರಿ 14, 1996

ಅಮ್ಮಾ,

ಹೋದ ವಾರ ಕ್ಷೇಮವಾಗಿ ತಲುಪಿದೆ. ಬಸ್ಸಿನಲ್ಲಿ ಏಳು ಗಂಟೆ ಕೂತು ಸೊಂಟ ಹಿಡಿದುಕೊಂಡಿತ್ತು, ಈಗ ಪರವಾಗಿಲ್ಲ. ನೀನು ಕಟ್ಟಿಕೊಟ್ಟ ಎರಡು ಡಜನ್ ತಮಾಲೆಗಳಲ್ಲಿ ಒಂದೂ ಉಳಿದಿಲ್ಲ. ಓಸ್ಮಿನ್ ಬೇಕರಿಯಿಂದ ಬಂದವನು ಬೂಟು ಬಿಚ್ಚುವುದಕ್ಕೂ ಮೊದಲು ನಿಂತಲ್ಲೇ ಐದು ತಿಂದ. "ನಿಮ್ಮಮ್ಮನ ಕೈಗೆ ಚಿನ್ನದ ಬಳೆ ಹಾಕ್ಬೇಕು ಕಣೋ" ಅಂದ.

ಇಷ್ಟು ಕುಶಲ. ಇನ್ನು ಜಗಳ.

ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನ ಎಲ್ಲರೂ ಇಗರ್ಜಿಯ ಪೂಜೆಗೆ ಹೋಗಿದ್ದರು. ನೀನು ತಮಾಲೆಗೆಂದು ಮೆಕ್ಕೆಜೋಳದ ಸಿಪ್ಪೆಗೆ ಹಿಟ್ಟು ಸವರುತ್ತಿದ್ದೆ, ನಾನು ಮಡಚಿ ಕಟ್ಟುತ್ತಿದ್ದೆ. "ಅಮ್ಮಾ, ನಂಗೆ ಎಚ್‌ಐವಿ ಇದೆ. ಐದು ವರ್ಷ ಆಯ್ತು" ಅಂದೆ. ಆ ಒಂದು ಮಾತನ್ನು ಮೂರು ತಿಂಗಳು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ನೀನು ಏನೇ ಕೇಳಿದರೂ ಉತ್ತರ ಸಿದ್ಧವಿತ್ತು. ಹೇಗೆ ಬಂತು ಎಂದು ಕೇಳಿದರೆ ಏನು ಹೇಳಬೇಕು, ಯಾರಿಂದ ಎಂದರೆ ಏನು ಹೇಳಬೇಕು, ಎಲ್ಲವೂ.

ನೀನು ಏನೂ ಕೇಳಲಿಲ್ಲ. ಕೈ ಒರೆಸಿಕೊಂಡು ಸ್ಟೂಲ್ ಹತ್ತಿದೆ, ಕಪಾಟಿನ ಮೇಲಿದ್ದ ಅಲ್ಯೂಮಿನಿಯಂ ಡಬ್ಬಿ ಇಳಿಸಿದೆ, ಮುಚ್ಚಳ ತೆಗೆದು ನನ್ನ ಮುಂದಿಟ್ಟೆ. ಒಳಗೆ ನೀನು ಊರವರಿಗೆಲ್ಲ ವಿಟಮಿನ್ ಚುಚ್ಚುವ ಗಾಜಿನ ಸಿರಿಂಜು, ಮೂರು ಸೂಜಿ. "ಇದ್ರಿಂದಾನೇ ಬಂದಿದ್ದು. ಸೂಜಿ ನಂದು, ಪಾಪಾನೂ ನಂದು" ಅಂದೆ. ಆಮೇಲೆ "ಹಿಟ್ಟು ಒಣಗ್ತಿದೆ, ಬೇಗ ಕಟ್ಟು" ಅಂದೆ. ಅಲ್ಲಿಗೆ ಮುಗಿಯಿತು.

ಅಮ್ಮಾ, ನೀನು ನನಗೆ ಆ ಹತ್ತು ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಚುಚ್ಚಿದ್ದು 92ರ ಬೇಸಿಗೆಯಲ್ಲಿ. ನನ್ನ ರಕ್ತಪರೀಕ್ಷೆ ಆದದ್ದು 91ರ ಮಾರ್ಚಿನಲ್ಲಿ. ಕ್ಯಾಲೆಂಡರ್ ಹಿಂದಕ್ಕೆ ಓಡುವುದಿಲ್ಲ. "ನಿಂಗೆ ಆರು ವರ್ಷ ಆದಾಗಿಂದ್ಲೂ ಚುಚ್ತಿದೀನಲ್ಲ" ಎಂದು ನೀನು ಹೇಳುತ್ತೀಯ ಎಂಬುದೂ ನನಗೆ ಗೊತ್ತು.

ಇದನ್ನೆಲ್ಲ ಯಾಕೆ ಕೆದಕುತ್ತಿದ್ದೇನೆ ಅಂದರೆ, ನವೆಂಬರಿನಲ್ಲಿ ನನ್ನ ಗೆಳೆಯ ನೋಯೆ ತೀರಿಕೊಂಡ. ಮನೆಯವರು ರಕ್ತದ ಕ್ಯಾನ್ಸರ್ ಅಂದರು. ಒಂಬತ್ತು ವರ್ಷ ಅವನ ಜೊತೆ ಸಂಸಾರ ಮಾಡಿದವನನ್ನು, ಕೊನೆಯ ಆರು ತಿಂಗಳು ಅವನ ಮಲಮೂತ್ರ ಬಳಿದವನನ್ನು, ಅಂತ್ಯಕ್ರಿಯೆಯ ದಿನ ಇಗರ್ಜಿಯ ಕೊನೆಯ ಸಾಲಿನಲ್ಲಿ ಕೂರಿಸಿದರು. "ನೀವು ಯಾರು?" ಎಂದು ಯಾರೋ ಕೇಳಿದ್ದಕ್ಕೆ ಪಾಪ ಅವನು "ಪಕ್ಕದ ಮನೆಯವ್ನು" ಅಂದ. ಓಸ್ಮಿನ್‌ಗೆ ಹಾಗಾಗಬಾರದು. ಆರು ವರ್ಷದಿಂದ ನೀನು ಅವನನ್ನು 'ಬಾಡಿಗೆ ಹಂಚಿಕೊಳ್ಳುವ ಹುಡುಗ' ಅನ್ನುತ್ತಿದ್ದೀಯ. ಅವನು ಯಾರು ಎಂದು ನಿನಗೆ ಗೊತ್ತು. ನಿನಗೆ ಗೊತ್ತಿದೆ ಎಂದು ನನಗೂ ಗೊತ್ತು. ನಾಳೆ ನನಗೇನಾದರೂ ಆದರೆ ಅವನು ನಿನ್ನ ಪಕ್ಕ, ಮೊದಲ ಸಾಲಿನಲ್ಲಿ ಕೂರಬೇಕು. ನಾನು ಕೇಳುವುದು ಇಷ್ಟೇ.

ನಿಮ್ಮ ಬೀದಿಗೆಲ್ಲ ಫೋನ್ ಇರುವುದು ಚೋಲೆಯ ಅಂಗಡಿಯಲ್ಲಿ, ಅವಳ ಕಿವಿಯೂ ಅಲ್ಲೇ ಇರುತ್ತದೆ, ಆದ್ದರಿಂದ ಕಾಗದದಲ್ಲೇ ಉತ್ತರ ಕೊಡು.

ನಿನ್ನ ಮಗ,
ಮಿರೊ

*

ವೆಸ್ಲಾಕೊ ಹತ್ತಿರ
ಫೆಬ್ರವರಿ 2, 1996

ಮಗನೇ ಮಿರೊ,

ಕಾಗದ ತಲುಪಿತು. ಇಲ್ಲಿ ಚಳಿ ಇದೆ. ಅಲ್ಲಿ ಇನ್ನೂ ಹೆಚ್ಚಿರುತ್ತದೆ, ಕಾಲುಚೀಲ ಹಾಕಿಕೊಂಡು ಮಲಗು. ಪುದೀನ ಕುದಿಸಿ ಕುಡಿ.

ಇವತ್ತು ಕಂದೆಲಾರಿಯಾ, ಮೇಣದಬತ್ತಿಗಳ ಹಬ್ಬ. ಹೋದ ತಿಂಗಳು ಮೂವರು ಅರಸರ ಹಬ್ಬದ ರೊಟ್ಟಿಯೊಳಗೆ ಬಚ್ಚಿಟ್ಟ ಗೊಂಬೆ ಸಿಕ್ಕಿದ್ದು ಚೋಲೆಗೆ, ಹಾಗಾಗಿ ಪದ್ಧತಿಯಂತೆ ಇವತ್ತು ಎಲ್ಲರಿಗೂ ತಮಾಲೆ ಮಾಡುವ ಸರದಿ ಅವಳದ್ದು. ಹಿಟ್ಟು ಕಲ್ಲಾಗಿತ್ತು. ಎಲ್ಲರೂ ನೀರು ಕುಡಿದು ನುಂಗಿದರು.

ಅಲ್ಲೇ ನಾನು ಚೋಲೆಗೆ ವಿಷಯ ಹೇಳಿದೆ. ನನ್ನ ಮಗನಿಗೆ ಕಾಯಿಲೆ, ನನ್ನ ಸೂಜಿಯಿಂದ ಬಂದದ್ದು, ಇನ್ನು ಮುಂದೆ ಯಾರಿಗೂ ಚುಚ್ಚುವುದಿಲ್ಲ ಎಂದೆ. ಇಪ್ಪತ್ತೆಂಟು ವರ್ಷದ ಕೆಲಸ, ನಿಲ್ಲಿಸಿಬಿಟ್ಟೆ. ಡಬ್ಬಿಯನ್ನು ಸಂತ ಯೂದನ ಮೂರ್ತಿಯ ಪಾದದ ಹತ್ತಿರ ಇಟ್ಟಿದ್ದೇನೆ.

ಜನ ಇನ್ನೇನೂ ಅಂದುಕೊಳ್ಳಬಾರದು. ಅದಕ್ಕೇ ಹೇಳಿದೆ.

ಬಾಡಿಗೆ ಹಂಚಿಕೊಳ್ಳುವ ಹುಡುಗನಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ತಾಯಿ,
ಎರ್ಮಿನಿಯಾ

*

ಹ್ಯೂಸ್ಟನ್
ಫೆಬ್ರವರಿ 11, 1996

ಅಮ್ಮಾ,

ಚೋಲೆಗೆ ಹೇಳಿದೆಯಾ? ಹೋಗಿ ಹೋಗಿ ಚೋಲೆಗೆ! ಸಂಬಳ ಕೊಟ್ಟು ಡಂಗುರ ಸಾರಿಸಿದರೂ ಅಷ್ಟು ಬೇಗ ಊರು ಮುಟ್ಟುತ್ತಿರಲಿಲ್ಲ. ನಿನ್ನ ಕಾಗದ ಓದಿದ ಮರುದಿನ ಕೆಲಸದಲ್ಲಿ ಯಾರದೋ ಹೋಟೆಲಿನ ಕುರ್ಚಿಗೆ ಚರ್ಮ ಹೊದಿಸುತ್ತಾ ಮೊಳೆಯ ಬದಲು ಹೆಬ್ಬೆರಳಿಗೇ ಹೊಡೆದುಕೊಂಡೆ.

ನನ್ನ ಗುಟ್ಟನ್ನು ನನ್ನನ್ನು ಕೇಳದೆ ಹೇಳಿದೆ. ಹೇಳಿದ್ದು ಸುಳ್ಳು ಬೇರೆ. ನಿನ್ನ ಸೂಜಿ ಚುಚ್ಚಿಸಿಕೊಂಡವರೆಲ್ಲ ಈಗ ರಾತ್ರಿ ನಿದ್ದೆ ಮಾಡುತ್ತಾರಾ? ಅದನ್ನು ಯೋಚಿಸಿದೆಯಾ? ನಿನಗೆ ಯೋಚನೆ ಒಂದೇ: ಜನ 'ಇನ್ನೇನೂ' ಅಂದುಕೊಳ್ಳಬಾರದು. ಆ ಇನ್ನೇನೋ ಅನ್ನುವುದು ನಾನು, ಅಮ್ಮಾ.

ಕನ್ನಡಕ ಹಾಕಿಕೊಂಡು ಓದು. ನಾನು ಗಂಡಸರನ್ನು ಪ್ರೀತಿಸುವ ಗಂಡಸು. ಹದಿಮೂರನೇ ವಯಸ್ಸಿನಿಂದ ಗೊತ್ತು. ಕಾಯಿಲೆ ಬಂದದ್ದು ಓಸ್ಮಿನ್‌ಗಿಂತ ಮುಂಚೆ ನನ್ನ ಜೊತೆಗಿದ್ದವನಿಂದ. ಅವನಿಗೂ ಗೊತ್ತಿರಲಿಲ್ಲ, ಅವನೀಗ ಇಲ್ಲ, ಅವನ ಮೇಲೆ ನನಗೆ ಸಿಟ್ಟೂ ಇಲ್ಲ. ಆಗ ನಮಗೆ ಯಾರು ಹೇಳಿದ್ದರು? ಬಾರಿನಲ್ಲಿ ಹಂಚುತ್ತಿದ್ದ ಕಾಗದಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಮೇಲೆ ಹೊಂಬಣ್ಣದ ಕೂದಲಿನವರ ಚಿತ್ರ. "ಅದು ಬಿಳಿಯರ ಕಾಯಿಲೆ, ನಮ್ಮಂಥ ಗಂಡಸ್ರಿಗೆ ಎಲ್ ಬರತ್ತೆ" ಎಂದು ಮೀಸೆ ತಿರುವಿ ನಗುತ್ತಿದ್ದೆವು. ಹಾಗೆ ನಕ್ಕವರಲ್ಲಿ ಅರ್ಧ ಜನರ ಹೆಣಕ್ಕೆ ಹೆಗಲು ಕೊಟ್ಟಿದ್ದೇನೆ.

ಓಸ್ಮಿನ್‌ಗೆ ಕಾಯಿಲೆ ಇಲ್ಲ. ಎಚ್ಚರಿಕೆಯಿಂದ ಇದ್ದೇವೆ. ಹೇಗೆ ಎಂದು ತಾಯಿಗೆ ಬರೆಯಲಾರೆ. ಆದರೆ ಪ್ರತಿ ಮಂಗಳವಾರ ಒಂದು ಹೂವಿನಂಗಡಿಯ ಹಿಂದಿನ ಕೋಣೆಯಲ್ಲಿ ಹದಿನೈದು ಇಪ್ಪತ್ತು ಜನ ಸೇರುತ್ತೇವೆ, ಅಲ್ಲಿ ನಮ್ಮ ಸ್ಪ್ಯಾನಿಷ್ ಭಾಷೆಯಲ್ಲೇ ಹುಡುಗರಿಗೆ ಇದನ್ನೆಲ್ಲ ಹೇಳಿಕೊಡುವವನು ನಾನೇ. ಗೊತ್ತಿಲ್ಲದವರಿಗೆ ನಾಚಿಕೆಯಿಲ್ಲದೆ ಎಲ್ಲ ಹೇಳುವ ನಾನು, ಹೆತ್ತವಳಿಗೆ ಒಂದು ಮಾತು ಹೇಳಲು ಮೂವತ್ತೊಂದು ವರ್ಷ ತೆಗೆದುಕೊಂಡೆ. ಈಗ ಹೇಳಿದ್ದೇನೆ. ಉತ್ತರ ಬರೆ.

ಮಿರೊ

*

ವೆಸ್ಲಾಕೊ ಹತ್ತಿರ
ಮಾರ್ಚ್ 31, ಗರಿಗಳ ಭಾನುವಾರ

ಮಗನೇ ಮಿರೊ,

ನಿನ್ನ ಕಾಗದ ಬಂತು. ಓದಿದೆ. ಬೀರುವಿನಲ್ಲಿ ಇಟ್ಟಿದ್ದೇನೆ.

ಇಲ್ಲಿ ದೊಡ್ಡ ರಾದ್ಧಾಂತವಾಗಿದೆ. ಚೋಲೆಯ ಅಳಿಯ ಬಾಗಿಲಲ್ಲಿ ನಿಂತು ಕೂಗಾಡಿದ. "ನಮ್ಮತ್ತೇನ ಸಾಯಿಸ್ತೀಯಾ ಮುದುಕಿ! ವಿಟಮಿನ್ ಅಂತ ವಿಷ ಚುಚ್ಚಿದ್ಯಾ?" ಅಂದ. ಚೋಲೆ ನನ್ನ ದೊಡ್ಡ ಪಾತ್ರೆಯನ್ನು ತೊಳೆಯದೇ ವಾಪಸು ಕಳಿಸಿದಳು. ಮೂವತ್ತು ವರ್ಷದಲ್ಲಿ ಪಾತ್ರೆ ಖಾಲಿ ಬಂದದ್ದು ಇದೇ ಮೊದಲು. ಇಗರ್ಜಿಯ ಗುರುಗಳು ನನ್ನನ್ನು ಕರೆಸಿ, ಆರೋಗ್ಯ ಇಲಾಖೆಗೆ ತಿಳಿಸಲೇಬೇಕು ಎಂದರು. ಸೋಮವಾರ ವ್ಯಾನು ಬಂತು.

ನರ್ಸ್ ಹುಡುಗಿ ಯಾರ‍್ಯಾರಿಗೆ ಚುಚ್ಚಿದ್ದೀರಿ ಎಂದು ಕೇಳಿದಳು. ಹೇಳಿದೆ. ನನಗೆ ಮುಖ ಮರೆತರೂ ಸೊಂಟ ಮರೆಯುವುದಿಲ್ಲ. ಮೂವತ್ತನಾಲ್ಕು ಜನ. ಪ್ರತಿ ಸಲವೂ ಕುದಿಸುತ್ತಿದ್ದಿರಾ ಎಂದಳು. ಫ್ಲೂ ಬಂದ ವರ್ಷ ಒಂದೇ ಮಧ್ಯಾಹ್ನ ಹನ್ನೊಂದು ಜನ ಬಂದಿದ್ದರು, ಆಗ ಸ್ಪಿರಿಟ್‌ನಲ್ಲಿ ಒರೆಸಿ ಮುಂದಿನವರಿಗೆ ಚುಚ್ಚಿದ್ದೆ. ಅದನ್ನೂ ಹೇಳಿದೆ. ಅವಳು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದಳು. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ಆಗಿರಲಿಲ್ಲ.

ಎಲ್ಲರೂ ಬಿಸಿಲಲ್ಲಿ ಸಾಲು ನಿಂತು ರಕ್ತ ಕೊಟ್ಟರು. ನಾನೂ ಕೊಟ್ಟೆ. ಯಾರೂ ನನ್ನ ಪಕ್ಕ ನಿಲ್ಲಲಿಲ್ಲ.

ನೀನು ಸಿಟ್ಟು ಮಾಡುತ್ತೀಯ. ಮಾಡು. ಹೆತ್ತವಳಿಗೆ ಹೆಗ್ಗಣ ಮುದ್ದು, ನಿನ್ನ ಮೇಲೆ ಬರುವುದನ್ನು ನನ್ನ ತಲೆಯ ಮೇಲೆ ಹಾಕಿಕೊಂಡೆ, ಅದೂ ತಪ್ಪಾಯಿತು. ಸರಿ. ಸೂಜಿಯಲ್ಲ ಎಂದರೆ ಜನರಿಗೆ ನಾನು ಏನು ಹೇಳಲಿ? ಎರಡು ತಿಂಗಳಿಂದ ಅದನ್ನೇ ಯೋಚಿಸುತ್ತಿದ್ದೇನೆ. ನೀನು ಓದಿದವನು, ಹೂವಿನಂಗಡಿಯಲ್ಲಿ ಪಾಠ ಮಾಡುವವನು. ನನಗೂ ಹೇಳಿಕೊಡು. ಏನು ಹೇಳಲಿ?

ನಿನ್ನ ತಾಯಿ,
ಎರ್ಮಿನಿಯಾ

*

ಹ್ಯೂಸ್ಟನ್
ಏಪ್ರಿಲ್ 10, 1996

ಅಮ್ಮಾ,

ನಾಲ್ಕು ಪುಟದ ಸತ್ಯಕ್ಕೆ ನೀನು ಕೊಟ್ಟ ಉತ್ತರ 'ಬೀರುವಿನಲ್ಲಿ ಇಟ್ಟಿದ್ದೇನೆ'. ನನ್ನನ್ನೂ ಮಡಚಿ ಅಲ್ಲೇ ಇಟ್ಟುಬಿಡು, ಮದುವೆ ಸೀರೆಗೆ ಹಾಕುವಂತೆ ನುಸಿಗುಳಿಗೆ ಹಾಕು.

ಜನರಿಗೆ ಏನು ಹೇಳಲಿ ಎಂದು ಕೇಳಿದ್ದೀಯ. ನನಗೆ ಏನು ಹೇಳಬೇಕು ಎಂದು ಒಮ್ಮೆಯಾದರೂ ಕೇಳಿಕೊಂಡೆಯಾ? ಜನರಿಗೆ ಏನು ಬೇಕಾದರೂ ಹೇಳು. ಮಗನೇ ಇರಲಿಲ್ಲ ಅನ್ನು.

ಹೊಸ ಮಾತ್ರೆ ಶುರುವಾಗಿದೆ. ಎಂಟು ಗಂಟೆಗೊಮ್ಮೆ, ಖಾಲಿ ಹೊಟ್ಟೆಯಲ್ಲಿ, ಬಕೆಟ್ಟುಗಟ್ಟಲೆ ನೀರಿನ ಜೊತೆ. ಮಂಗಳವಾರದ ಗುಂಪಿನಲ್ಲಿ ಕೆಲವರು ಹಾಸಿಗೆಯಿಂದ ಎದ್ದು ಓಡಾಡುತ್ತಿದ್ದಾರೆ. ನನಗೆ ಎಲ್ಲದರ ರುಚಿ ತಗಡಿನಂತಿದೆ. ಗಡಿಯಾರ ಬಡಿದಾಗಲೆಲ್ಲ ಓಸ್ಮಿನ್ ಲೋಟ ಹಿಡಿದು ನಿಂತಿರುತ್ತಾನೆ, ಬಾಡಿಗೆ ಹಂಚಿಕೊಳ್ಳುವ ಹುಡುಗ.

ಮಿರೊ

*

ವೆಸ್ಲಾಕೊ ಹತ್ತಿರ
ಮೇ 10, 1996

ಮಗನೇ ಮಿರೊ,

ಇವತ್ತು ನಮ್ಮವರ ತಾಯಂದಿರ ದಿನ. ಪೋಸ್ಟ್ ಡಬ್ಬಿಯವರೆಗೆ ಎರಡು ಸಲ ನಡೆದು ಹೋಗಿ ಬಂದೆ. ನಿನ್ನ ಕಾರ್ಡ್ ಇರಲಿಲ್ಲ. ಇರಲಿ.

ಹೋದ ವಾರ ವ್ಯಾನು ಮತ್ತೆ ಬಂತು. ಒಬ್ಬೊಬ್ಬರನ್ನೇ ಒಳಗೆ ಕರೆದು ಹೇಳಿದರು. ಮೂವತ್ತನಾಲ್ಕು ಜನಕ್ಕೂ ಏನೂ ಇಲ್ಲ. ಹೊರಗೆ ಬಂದವರು ಒಬ್ಬರನ್ನೊಬ್ಬರು ತಬ್ಬಿಕೊಂಡರು, ಯಾರೋ ರೇಡಿಯೊ ಹಾಕಿದರು, ಮಾಂಸ ಸುಡಲು ಬೆಂಕಿ ಹೊತ್ತಿಸಿದರು. ಚೋಲೆ ಓಡಿ ಬಂದು, "ಎರ್ಮಿನಿಯಾ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ! ನಿನ್ನ ಸೂಜಿ ಬಂಗಾರ ಕಣೇ!" ಎಂದು ಅತ್ತಳು. ಸಿಹಿ ರೊಟ್ಟಿ ತಂದಿದ್ದಳು.

ನನ್ನನ್ನು ಕೊನೆಗೆ ಕರೆದರು. ನರ್ಸ್ ಹುಡುಗಿ, "ನಿಮಗೂ ಏನಿಲ್ಲ ಅಮ್ಮಾ. ಆದ್ರೆ ಇದು ಬರೀ ಅದೃಷ್ಟ, ನಿಮ್ಮ ಜಾಣತನ ಅಲ್ಲ. ಆ ಗಾಜಿಂದು ಇನ್ಮೇಲೆ ಮುಟ್ಬೇಡಿ" ಎಂದು ಗದರಿದಳು. ಆಮೇಲೆ, "ಯಾಕ್ ಅಳ್ತೀರಾ? ಖುಷಿ ಪಡ್ಬೇಕಲ್ವಾ?" ಎಂದಳು.

ಮಿರೊ, ನಾನು ಪಾಪಿ. ಆ ಆರು ವಾರ ನಾನು ದೇವರನ್ನು ಬೇಡಿದ್ದು ಬೇರೆ. ಬೇರೆಯವರಿಗೆ ಏನೂ ಆಗದಿರಲಿ, ನನ್ನ ರಕ್ತವೊಂದು ಕೆಟ್ಟಿರಲಿ ಎಂದು ಬೇಡಿದ್ದೆ. ನನ್ನದು ಕೆಟ್ಟಿದ್ದರೆ ನಿನಗೆ ನನ್ನಿಂದ ಬಂತು ಎಂದಾಗುತ್ತಿತ್ತು. ನನ್ನ ಹೊಟ್ಟೆಯಿಂದ ಬಂದವನಿಗೆ ಕಾಯಿಲೆಯೂ ನನ್ನಿಂದಲೇ ಬಂತು ಎಂದು ಊರಿಗೆಲ್ಲ ಹೇಳಿಕೊಂಡು ಸಾಯುತ್ತಿದ್ದೆ.

ಎಲ್ಲರೂ ಮಾಂಸ ತಿನ್ನುವಾಗ ನಾನು ಮನೆಗೆ ಬಂದು ಬೀರು ತೆಗೆದೆ. ಫೆಬ್ರವರಿಯ ಕಾಗದವನ್ನು ಮತ್ತೆ ಓದಿದೆ. ಕನ್ನಡಕ ಹಾಕಿಕೊಂಡೇ ಓದಿದೆ.



ನಿನ್ನ ತಾಯಿ,
ಎರ್ಮಿನಿಯಾ

*

ಹ್ಯೂಸ್ಟನ್
ಜೂನ್ 3, 1996

ಅಮ್ಮಾ,

ಕಾರ್ಡ್ ಕಳಿಸದೇ ಇದ್ದದ್ದು ಬೇಕೆಂತಲೇ. ಕೊಂಡು ತಂದು ಮೇಜಿನ ಮೇಲಿಟ್ಟು, ಸಿಟ್ಟಿನಲ್ಲಿ ಅಂಚೆಗೆ ಹಾಕಲಿಲ್ಲ. ಈ ಕಾಗದದ ಜೊತೆ ಇಟ್ಟಿದ್ದೇನೆ.

ಎರಡು ವಾರ ಆಸ್ಪತ್ರೆಗೂ ಮನೆಗೂ ಓಡಾಟ. ಹೊಸ ಮಾತ್ರೆಯಿಂದ ಮೂತ್ರಪಿಂಡದಲ್ಲಿ ಕಲ್ಲು ಕೂತಿತ್ತು. ಹೆದರಬೇಡ, ಹೋಯಿತು. ರಕ್ತದಲ್ಲಿ ವೈರಾಣು ಬಹಳ ಇಳಿದಿದೆ ಎಂದು ಡಾಕ್ಟರು ಖುಷಿಯಾಗಿದ್ದಾರೆ. ಆದರೆ ನಿಶ್ಶಕ್ತಿ. ಮೆಟ್ಟಿಲು ಹತ್ತಲು ಓಸ್ಮಿನ್‌ನ ಭುಜ ಬೇಕು. ಪರೀಕ್ಷೆ ಮಾಡಿ ಏನು ಬರೆದುಕೊಟ್ಟರು ಗೊತ್ತಾ? ಬಿ ಹನ್ನೆರಡು ಇಂಜೆಕ್ಷನ್. ವಾರಕ್ಕೊಂದು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಚುಚ್ಚಿಸಿಕೊಳ್ಳಲು ಪ್ರತಿ ವಾರ ಅರ್ಧ ದಿನ ಸಾಲಿನಲ್ಲಿ ಕೂರಬೇಕು, ಅರ್ಧ ದಿನದ ಕೂಲಿ ಹೋಗುತ್ತದೆ. ಮನೆಯಲ್ಲೇ ಚುಚ್ಚಬಹುದು, ಕಲಿತುಕೊಳ್ಳಿ ಎಂದು ಓಸ್ಮಿನ್ ಕೈಗೆ ಸಿರಿಂಜು ಕೊಟ್ಟರು. ಮೂಟೆಗಟ್ಟಲೆ ಹಿಟ್ಟು ನಾದುವ ಗಂಡಸು, ಸೂಜಿ ನೋಡಿ ಗೋಡೆ ಹಿಡಿದು ಕುಸಿದ. ನರ್ಸು ನನ್ನನ್ನು ಬಿಟ್ಟು ಅವನಿಗೆ ನೀರು ಕುಡಿಸಿದಳು.

ನಿನ್ನ ಕಾಗದದ ಬಗ್ಗೆ ಏನು ಬರೆಯಲಿ? ನನಗೆ ಕಾಯಿಲೆ ಬಂದದ್ದಕ್ಕಿಂತ, ನೀನೂ ಕಾಯಿಲೆ ಬೇಡಿಕೊಂಡೆ ಎಂಬುದನ್ನು ಓದುವುದು ಕಷ್ಟವಾಯಿತು. ನೀನು ಅಷ್ಟು ದೂರ ಹೋಗಬಲ್ಲೆ, ಆದರೆ ಓಸ್ಮಿನ್‌ನ ಹೆಸರು ಬರೆಯುವಷ್ಟು ಹತ್ತಿರ ಬರಲಾರೆ. ಆರು ವರ್ಷದ ಕಾಗದಗಳನ್ನೆಲ್ಲ ಹುಡುಕಿ ನೋಡಿದೆ, ಅಮ್ಮಾ. ಒಂದೇ ಒಂದು ಸಲವೂ ನೀನು ಅವನ ಹೆಸರು ಬರೆದಿಲ್ಲ. ನನಗೆ ಸಾಕಾಗಿದೆ. ಜಗಳವಾಡುವ ಶಕ್ತಿಯೂ ಇಲ್ಲ.

ನಿನ್ನ ಮಗ,
ಮಿರೊ

*

ವೆಸ್ಲಾಕೊ ಹತ್ತಿರ
ಜೂನ್ 16, 1996

ಓಸ್ಮಿನ್‌ಗೆ,

ಇದು ನಿನಗೆ ಬರೆದ ಕಾಗದ. ಮಿರೊ ಕೇಳಿದರೆ ಕೊಡಬೇಡ, ಮೊದಲು ನೀನು ಓದು.

ನಾನು ಸುಳ್ಳು ಬರೆಯುವವಳಲ್ಲ. ನೀವಿಬ್ಬರೂ ಬದುಕುವ ರೀತಿ ನನಗೆ ಇಷ್ಟವಿಲ್ಲ. ಗುರುಗಳ ಹತ್ತಿರ ಕೇಳಿದರೂ ಸಮಾಧಾನ ಸಿಗಲಿಲ್ಲ. ಮೊಮ್ಮಕ್ಕಳಿಲ್ಲ ಎಂಬ ಸಂಕಟ ಬೇರೆ. ಇದೆಲ್ಲ ಒಂದೇ ಬೇಸಿಗೆಯಲ್ಲಿ ಹೋಗುವುದಿಲ್ಲ, ನನಗೆ ಅರವತ್ತಮೂರು. ಮಿರೊಗೆ ಅವಸರ ಜಾಸ್ತಿ, ಹುಟ್ಟುವಾಗಲೂ ಒಂದು ತಿಂಗಳು ಮುಂಚೆ ಹುಟ್ಟಿದ.

ಆದರೆ ವಾರಕ್ಕೊಂದು ಸೂಜಿ ತಪ್ಪಬಾರದು. ಗಂಡಸಾಗಿ ಸೂಜಿಗೆ ಹೆದರುತ್ತೀಯಾ? ನಾಚಿಕೆಯಾಗಬೇಕು. ಈ ತಿಂಗಳ ಕೊನೆಯ ಶನಿವಾರ ಬಸ್ಸು ಹತ್ತಿ ಇಬ್ಬರೂ ಬನ್ನಿ. ಪ್ಲಾಸ್ಟಿಕ್ ಸಿರಿಂಜುಗಳನ್ನು ಆಸ್ಪತ್ರೆಯಿಂದ ತಾ, ಒಂದು ಸಲ ಬಳಸಿ ಬಿಸಾಡುವಂಥವು. ನನ್ನ ಗಾಜಿನದನ್ನು ನರ್ಸ್ ಹುಡುಗಿಗೆ ಒಪ್ಪಿಸಿಬಿಟ್ಟೆ. ಡಬ್ಬಿಯಲ್ಲಿ ಈಗ ಗುಂಡಿಗಳಿವೆ.

ಮೊದಲ ದಿನ ಕಿತ್ತಳೆ ಹಣ್ಣಿಗೆ ಚುಚ್ಚು. ಎರಡನೇ ದಿನ ನನಗೆ ಚುಚ್ಚು, ಡಾಕ್ಟರು ನನಗೂ ಅದೇ ವಿಟಮಿನ್ ಬರೆದುಕೊಟ್ಟಿದ್ದಾರೆ. ನನ್ನ ಸೊಂಟ ದಪ್ಪ, ನೋವಾದರೂ ಕೂಗುವುದಿಲ್ಲ. ಮೂರನೇ ದಿನ ಅವನಿಗೆ. ಅವನು ಎಡಗಡೆ ಬಿಗಿ ಮಾಡುತ್ತಾನೆ, ಬಲಗಡೆ ಚುಚ್ಚು. ಚುಚ್ಚುವ ಮುಂಚೆ ಏನಾದರೂ ಕೇಳು, ಉತ್ತರ ಕೊಡಲು ಬಾಯಿ ತೆಗೆದಾಗ ಸೂಜಿ ಇಳಿಸು. ಆರು ವರ್ಷದವನಿದ್ದಾಗ ಬೆಕ್ಕಿನ ಬಗ್ಗೆ ಕೇಳುತ್ತಿದ್ದೆ. ಈಗ ಏನು ಕೇಳಬೇಕೋ ನಿನಗೆ ಗೊತ್ತಿರುತ್ತದೆ.

ಇಪ್ಪತ್ತೆಂಟು ವರ್ಷದಲ್ಲಿ ಈ ಕೆಲಸವನ್ನು ಯಾರಿಗೂ ಕಲಿಸಿಲ್ಲ. ಚೋಲೆಯ ಮಗಳು ಕೇಳಿದಾಗಲೂ ಮನೆಯವರಿಗೆ ಮಾತ್ರ ಎಂದಿದ್ದೆ.

ಊಟಕ್ಕೆ ನನ್ನ ಮೇಜಿನಲ್ಲಿ ಕೂರುತ್ತೀಯ. ಭಾನುವಾರ ಇಗರ್ಜಿಗೂ ಬರಬೇಕು, ಇಸ್ತ್ರಿ ಮಾಡಿದ ಅಂಗಿ ತಾ. ನಾನು ಕೂರುವುದು ಮೊದಲ ಸಾಲಿನಲ್ಲಿ, ಎಡಗಡೆ. ಅಲ್ಲಿ ಮೂವರಿಗೆ ಜಾಗ ಇದೆ. ಯಾರೂ ಸಾಯುವವರೆಗೆ ಕಾಯಬೇಕಾಗಿಲ್ಲ ಎಂದು ಮಿರೊಗೆ ಹೇಳು.

ಇನ್ನೊಂದು ಮಾತನ್ನೂ ಅವನಿಗೆ ಹೇಳು. ಜನರಿಗೆ ಏನು ಹೇಳಲಿ ಎಂದು ಕೇಳಿ ಅವನಿಂದ ಬೈಸಿಕೊಂಡಿದ್ದೆ. ಮೊನ್ನೆ ಚೋಲೆ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ, "ಅಲ್ಲಾ ಎರ್ಮಿನಿಯಾ, ನಿನ್ನ ಸೂಜಿಯಿಂದ ಅಲ್ಲ ಅಂದ್ಮೇಲೆ ನಿನ್ನ ಮಗನಿಗೆ ಅದು ಬಂದಿದ್ದಾದ್ರೂ ಹೇಗೆ?" ಅಂದಳು. ನಾನು ಅಕ್ಕಿ ಆರಿಸಿಕೊಳ್ಳುತ್ತಿದ್ದೆ. ತಲೆ ಎತ್ತದೇ ಹೇಳಿದೆ: "ನಿನಗೆ ಏಳು ಮಕ್ಕಳು ಹೇಗೆ ಬಂದ್ವು ಚೋಲೆ? ಹಾಗೇನೇ. ಪ್ರೀತಿ ಮಾಡಿ."

ಎರ್ಮಿನಿಯಾ